ಶೇವಂತಿಯ ಮೂಗು ಮತ್ತು ಮುಧೋಳದ ಕಾರು

ಬನಹಟ್ಟಿಯಲ್ಲಿ ಕಾರಿನ ವಾಸನೆ ತೆಗೆಯುವ ಶೇವಂತಿಯ ಶೆಡ್ಡು ಯಾವುದು ಎಂದು ಕೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ. ನಗುವವರಲ್ಲಿ ಅರ್ಧಕ್ಕರ್ಧ ಮಂದಿ ಒಂದಲ್ಲ ಒಂದು ದಿನ ತಮ್ಮ ಗಾಡಿ ತಂದು ಅವಳ ಬಾಗಿಲಲ್ಲಿ ನಿಲ್ಲಿಸಿದವರೇ. ನಲವತ್ತೆಂಟರ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನಡಿ ತಲೆ ತೂರಿಸಿ ಮೂಸುವುದನ್ನು ನೋಡಿದರೆ ಯಾರಿಗಾದರೂ ನಗು ಬಂದೀತು. ಶೇವಂತಿಗೆ ಅದರ ಪರಿವೆಯಿಲ್ಲ. ನಗುವವರು ನಕ್ಕು ಮುಗಿಸುವ ಹೊತ್ತಿಗೆ ಅವಳ ಕೆಲಸ ಅರ್ಧ ಆಗಿರುತ್ತದೆ.

ಆ ಮೂಗಿಗೆ ಹೆಸರು ಬಂದದ್ದು ಗಂಜಿಯಿಂದ. ರಬಕವಿಯಲ್ಲಿ ಹುಟ್ಟಿ ಬನಹಟ್ಟಿಯ ಯಮನಪ್ಪನನ್ನು ಮದುವೆಯಾಗಿ ಬಂದವಳು ಇಪ್ಪತ್ತೆರಡು ವರ್ಷ ಅತ್ತೆಮನೆಯ ಕೈಮಗ್ಗಕ್ಕೆ ಹಾಸಿನ ನೂಲು ಹದ ಮಾಡಿ ಕೊಟ್ಟಳು. ಹಾಸು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು. ಅದಕ್ಕೆ ಗಂಜಿ ಸರಿಯಾಗಿ ಹತ್ತದಿದ್ದರೆ ಗಳಿಗೆಗೊಂದು ಎಳೆ ಕಡಿಯುತ್ತದೆ. ಗಂಜಿ ಹುಳಿತರೆ ಇನ್ನೂ ಕೇಡು, ಸೀರೆ ಉಟ್ಟವಳ ಮೈಯೆಲ್ಲ ನಾರುತ್ತದೆ. ಸಾಲಾಗಿ ಇಟ್ಟ ಐದು ಗಡಿಗೆಗಳಲ್ಲಿ ಯಾವುದು ಹುಳಿಯಲು ಹೊರಟಿದೆ ಎಂಬುದನ್ನು ಶೇವಂತಿ ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು. ಮೂಸುವುದಕ್ಕೂ ಅವಳದೊಂದು ಕ್ರಮವಿತ್ತು. ಒಂದು ಗಡಿಗೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು, ಗಂಜಿಯನ್ನೇ ಕಾಣದ ಹಸಿ ನೂಲಿನ ಲಡಿಯೊಂದನ್ನು, ಎಂದರೆ ಎಳೆಗಳ ಕಟ್ಟನ್ನು, ಮೂಗಿಗೆ ಹಿಡಿದು ಎರಡು ಸಲ ಉಸಿರೆಳೆಯುವುದು. ಅದರಿಂದ ಮೂಗು ತೊಳೆದಂತಾಗುತ್ತದೆ ಎನ್ನುತ್ತಿದ್ದಳು.

ಮುಂದೆ ಕೈಮಗ್ಗ ನಿಂತಿತು. ಯಮನಪ್ಪ ಪವರ್‌ಲೂಮಿನ ಕೆಲಸಕ್ಕೆ ಹೋಗತೊಡಗಿದ, ಮಗ್ಗದ ಶೆಡ್ಡು ಖಾಲಿ ಬಿತ್ತು. ಅಷ್ಟರಲ್ಲಿ ಜಮಖಂಡಿಯಲ್ಲಿ ಬಾಡಿಗೆ ಕಾರು ಓಡಿಸುವ ಮೈದುನ ಶಿವಾಜಿಯ ಗಾಡಿಯಲ್ಲಿ ಎಲ್ಲೋ ಇಲಿ ಸತ್ತು, ಗ್ಯಾರೇಜಿನವರು ಎರಡು ದಿನ ತಡಕಾಡಿ ಕೈಚೆಲ್ಲಿದರು. ಶೇವಂತಿ ಕಾರಿನೊಳಗೆ ಕುಳಿತು, ಎಸಿ ಗಾಳಿ ಬರುವ ಕಂಡಿಯ ಕೆಳಗೆ ಬೆರಳಿಟ್ಟು ಇಲ್ಲಿ ಬಿಚ್ಚಿ ಎಂದಳು. ಇಲಿ ಸಿಕ್ಕಿತು, ವಾಸನೆ ಮಾತ್ರ ಉಳಿಯಿತು. ಉಳಿದ ಆ ವಾಸನೆಯ ಬೆನ್ನು ಹತ್ತಿ ಹೋದ ಶಿವಾಜಿ, ವಿಜಯಪುರದ ಲಾಡ್ಜೊಂದರಲ್ಲಿ ಕೋಣೆಗಳಿಗೆ ಬಳಸುವ ಓಜೋನ್ ಯಂತ್ರದ ಸುದ್ದಿ ತಂದ. ಟ್ರಂಕಿನ ಅರ್ಧದಷ್ಟು ಗಾತ್ರದ ಅಂಥದೊಂದು ಪೆಟ್ಟಿಗೆ ತಿಂಗಳೊಳಗೆ ಶೇವಂತಿಯ ಶೆಡ್ಡಿಗೆ ಬಂತು.

ಅದನ್ನು ಮೊದಲ ಸಲ ಚಾಲೂ ಮಾಡಿದಾಗ ಬಂದ ಚುರುಕು ವಾಸನೆ ಅವಳಿಗೆ ಹೊಸದೇನಲ್ಲ. ಪವರ್‌ಲೂಮಿನ ಹಳೆಯ ಮೋಟಾರು ಕಿಡಿ ಹಾರಿಸಿದಾಗ ಬರುವ ವಾಸನೆಯೇ ಅದು. ಯಂತ್ರದೊಳಗಿನ ಕರೆಂಟು ಗಾಳಿಯ ಆಮ್ಲಜನಕವನ್ನು ಒಡೆದು ಓಜೋನ್ ಮಾಡುತ್ತದೆ. ಆ ಓಜೋನ್ ಬಟ್ಟೆಯ ಎಳೆಯಲ್ಲಿ, ಸೀಟಿನ ಸ್ಪಂಜಿನಲ್ಲಿ ಅಡಗಿ ಕೂತ ವಾಸನೆಯನ್ನು ಹುಡುಕಿ ಇಲ್ಲವಾಗಿಸುತ್ತದೆ. ಆದರೆ ಮನುಷ್ಯರ ಎದೆಗೆ ಅದು ಒಳ್ಳೆಯದಲ್ಲ. ಹಾಗಾಗಿ ಯಂತ್ರ ಓಡುವಾಗ ಗಾಡಿಯೊಳಗೆ ಯಾರೂ ಇರಕೂಡದು, ಮುಗಿದ ಮೇಲೆ ತಾಸಿಗೂ ಹೆಚ್ಚು ಹೊತ್ತು ಬಾಗಿಲೆಲ್ಲ ತೆರೆದಿಡಬೇಕು. ಬಣ್ಣದ ಬಟ್ಟೆ ಒಳಗೆ ಬಿಟ್ಟರೆ ಬಣ್ಣ ಕುಂದುತ್ತದೆ ಎಂಬುದನ್ನು ತನ್ನದೊಂದು ಚೌಕಡಿ ಸೀರೆ ಕೆಡಿಸಿಕೊಂಡು ಕಲಿತಳು. ಎಲ್ಲಕ್ಕಿಂತ ದೊಡ್ಡ ಪಾಠವೆಂದರೆ, ವಾಸನೆಯ ಮೂಲ ಒಳಗೇ ಇದ್ದರೆ ಯಂತ್ರ ಎಷ್ಟು ಹೊತ್ತು ಓಡಿದರೂ ವ್ಯರ್ಥ. ಮೊದಲು ಹುಡುಕಬೇಕು, ತೆಗೆಯಬೇಕು, ತೊಳೆಯಬೇಕು, ಒಣಗಿಸಬೇಕು. ಯಂತ್ರ ಕೊನೆಗೆ. ಈ ಮಾತನ್ನು ಗಾಡಿ ತಂದವರಿಗೆಲ್ಲ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ ಶೇವಂತಿಯೇ ಒಂದು ದಿನ ಅದನ್ನು ಮರೆತಳು.

ಕಳೆದ ವರ್ಷ ದೀಪಾವಳಿಯ ನಂತರದ ಮಾತು. ಮುಧೋಳದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವ ಸಿದ್ದಾರೂಢ ತನ್ನ ಬಿಳಿ ಕಾರು ತಂದ. ಮೆದು ಮಾತಿನ ಮನುಷ್ಯ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ಇಳಿಸಿ, ಮಳೆಗಾಲದಿಂದ ಗಾಡಿ ನಾರುತ್ತಿದೆ ಎಂದ. ಕಾರಣವನ್ನೂ ಅವನೇ ಹೇಳಿದ. ತಾಯಿ ಕಸ್ತೂರೆವ್ವನಿಗೆ ಎಪ್ಪತ್ತನಾಲ್ಕು. ಶ್ರಾವಣದಲ್ಲಿ ತವರೂರಾದ ಅನಗವಾಡಿಯಿಂದ ಬರುವಾಗ ರಸ್ತೆಯಲ್ಲಿ ಲಾರಿ ಅಡ್ಡಬಿದ್ದು ಎರಡು ತಾಸು ನಿಲ್ಲಬೇಕಾಯಿತು. ಮುದುಕಿಗೆ ತಡೆದುಕೊಳ್ಳಲಾಗದೆ ಹಿಂದಿನ ಸೀಟು ಒದ್ದೆಯಾಯಿತು. ಆಗಿನಿಂದ ಸುಗಂಧದ ಡಬ್ಬಿ ಇಟ್ಟದ್ದಾಯಿತು, ಲೋಬಾನ ಹಾಕಿದ್ದಾಯಿತು, ಏನೂ ಉಪಯೋಗವಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಸೊಸೆ ನೇತ್ರಾ ಸುಮ್ಮನೆ ಅತ್ತೆ ಕೂರುವ ಜಾಗಕ್ಕೊಂದು ಪ್ಲಾಸ್ಟಿಕ್ ಹಾಳೆ ಹಾಸಿದ್ದಳು. ಅದನ್ನು ಕಂಡ ದಿನದಿಂದ ಕಸ್ತೂರೆವ್ವ ಕಾರು ಹತ್ತುವುದನ್ನೇ ಬಿಟ್ಟಿದ್ದಳು.

ಹತ್ತದಿದ್ದರೆ ನಡೆಯುವ ಕಾಲವೂ ಅದಾಗಿರಲಿಲ್ಲ. ಅನಗವಾಡಿಯಲ್ಲಿ ತಂಗಿ ಮರೆವ್ವ ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅಕ್ಕ ಬರಲಿ ಎಂದು ದಿನಾ ಫೋನು. ಮೊಣಕಾಲು ನೋವಿನ ಕಸ್ತೂರೆವ್ವನಿಗೆ ಬಸ್ಸಿನ ಮೆಟ್ಟಿಲು ಆಗದು. ಇಂದು ಬಂದೇನು, ನಾಳೆ ಬಂದೇನು ಎಂದು ತಂಗಿಗೆ ಹೇಳುತ್ತ, ಮಗ ಕಾರು ತೆಗೆದರೆ ಮೈ ಸರಿಯಿಲ್ಲ ಎಂದು ಮಲಗುತ್ತಿದ್ದಳು.

ಇಷ್ಟನ್ನು ಕೇಳಿದ ಶೇವಂತಿಯ ಕರುಳು ಚುರುಕ್ ಎಂದಿತು. ಕರುಳಿನ ಮಾತು ಕೇಳಿ ಮೂಗನ್ನು ಬದಿಗಿಟ್ಟಳು. ಅವನು ಹೇಳಿದ ಸೀಟನ್ನು ಕಳಚಿ ತೊಳೆದಳು, ಬಿಸಿಲಿಗೆ ಒಣಗಿಸಿದಳು, ಡಿಕ್ಕಿಯ ಚಾಪೆ ಎತ್ತಿ ಝಾಡಿಸಿದಳು, ನಲವತ್ತು ನಿಮಿಷ ಯಂತ್ರ ಓಡಿಸಿದಳು. ಸಂಜೆ ಗಾಡಿ ಹೊಸದರಂತೆ ಇತ್ತು. ಸಿದ್ದಾರೂಢ ಎರಡೂ ಕೈ ಜೋಡಿಸಿ ಹೋದ.

ಐದನೆಯ ದಿನ ಅವನ ಫೋನು ಬಂತು. ಭಾನುವಾರ ಹೇಗೋ ಅವ್ವನನ್ನು ಒಪ್ಪಿಸಿ ಅನಗವಾಡಿಗೆ ಹೊರಟಿದ್ದರಂತೆ. ಬಿಸಿಲೇರಿದಂತೆ ವಾಸನೆಯೂ ಏರಿತು. ಕಸ್ತೂರೆವ್ವ ಗಾಜು ಇಳಿಸಿ ಮುಖ ಹೊರಗೆ ಹಾಕಿ ಕುಳಿತಳು. ಊರು ದಾಟಿ ಐದಾರು ಕಿಲೋಮೀಟರು ಹೋಗಿರಬೇಕು, ಗಾಡಿ ತಿರುಗಿಸು ಎಂದು ಮಗನ ಹೆಗಲು ತಟ್ಟಿದಳು. ಸಿದ್ದಾರೂಢ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಶೇವಂತಿಗೆ ಹಗುರವಾಗುತ್ತಿತ್ತು.

“ಇರ್ಲಿ ಬಿಡ್ರಿ ಅಕ್ಕಾರ, ನಿಮ್ಮ ತಪ್ಪಿಲ್ಲ,” ಎಂದ. “ವಯಸ್ಸಾದವ್ರ ವಾಸ್ನಿ. ಅದೆಲ್ಲಿ ಹೋಗ್ತೈತಿ.”

ಫೋನು ಕೆಳಗಿಟ್ಟ ಶೇವಂತಿ ಅಂದಿನ ಕೆಲಸವನ್ನು ಮೊದಲಿನಿಂದ ಮೆಲುಕು ಹಾಕಿದಳು. ಸೀಟು ತೊಳೆದ ನೀರಿನಲ್ಲಿ ಸಾಬೂನು ಮತ್ತು ಧೂಳಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ ಎಂಬುದು ಈಗ ನೆನಪಾಯಿತು. ಆಗಲೂ ಗೊತ್ತಾಗಿತ್ತು, ಆದರೆ ಮಗನೇ ಹೇಳಿದ ಮೇಲೆ ಸುಳ್ಳಿರಲಾರದು ಎಂದು ಕೈಬಿಟ್ಟಿದ್ದಳು. ಯಂತ್ರ ನಾಲ್ಕು ದಿನದ ಮಟ್ಟಿಗೆ ವಾಸನೆ ಅಡಗಿಸಿತ್ತು, ಅಷ್ಟೇ. ಸೀಟು ತೊಳೆದರು, ವಾಸನೆ ಹೋಯಿತು, ಮುದುಕಿ ಕುಳಿತಳು, ವಾಸನೆ ಬಂತು. ಆ ಮನೆಯವರ ಲೆಕ್ಕದಲ್ಲಿ ಇದಕ್ಕಿಂತ ಬೇರೆ ರುಜುವಾತು ಬೇಕಿರಲಿಲ್ಲ. ಅದುವರೆಗೆ ಬರೀ ಗುಮಾನಿಯಾಗಿದ್ದುದನ್ನು ಶೇವಂತಿ ಖಾತ್ರಿ ಮಾಡಿಕೊಟ್ಟಿದ್ದಳು.

ಯಮನಪ್ಪ ತಿಳಿಹೇಳಲು ನೋಡಿದ. ಅವರೇ ತಕರಾರು ಮಾಡಿಲ್ಲ, ನೀನ್ಯಾಕೆ ಹೋಗಿ ಕೆದಕುತ್ತಿ ಎಂದ. ಒಂದು ಗಾಡಿ ಕೈಕೊಟ್ಟರೆ ಊರೇನು ಮುಳುಗುವುದಿಲ್ಲ ಎಂದ.

“ಆ ಮುದುಕಿ ಮ್ಯಾಲ ನಾರ್ತಾಳ ಅಂತ ಸಿಕ್ಕಾ ಹೊಡದಾಕಿ ನಾನ,” ಎಂದಳು ಶೇವಂತಿ. “ತೆಗಿಯಾಕಿನೂ ನಾನ ಆಗಬೇಕು.”

ಗಾಡಿ ಬನಹಟ್ಟಿಗೆ ತರಬೇಡಿ, ನಾನೇ ಬರುತ್ತೇನೆ, ನಿಮ್ಮ ತಾಯಿ ಮನೆಯಲ್ಲಿರಲಿ ಎಂದು ಸಿದ್ದಾರೂಢನಿಗೆ ತಿಳಿಸಿದಳು. ಮುಂದಿನ ಭಾನುವಾರ ಬೆಳಿಗ್ಗೆ ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಮೇಲೊಂದು ಹಸಿ ನೂಲಿನ ಲಡಿ ಇಟ್ಟುಕೊಂಡು ಮಹಾಲಿಂಗಪುರದ ಮೇಲೆ ಹೋಗುವ ಬಸ್ಸು ಹತ್ತಿದಳು. ಕಂಡಕ್ಟರ್ ಇದೇನು ಎಂದು ಚೀಲ ಮುಟ್ಟಿ ಕೇಳಿದಾಗ, ಮೂಗಿನ ಸಾಮಾನು ಎಂದು ಕಿಟಕಿ ಕಡೆ ಮುಖ ತಿರುಗಿಸಿದಳು.

ಮುಧೋಳದ ಆ ಮನೆಯಲ್ಲಿ ನೇತ್ರಾ ಚಹಾ ಕೊಟ್ಟು ಅಡುಗೆಮನೆಗೆ ಹೋದಳು. ಕಸ್ತೂರೆವ್ವ ಒಳಮನೆಯಲ್ಲಿ ಮೊರದ ಜೋಳ ಹಸನು ಮಾಡುತ್ತಿದ್ದಳು. ಬಂದವಳು ಯಾರೆಂದು ತಿಳಿದ ಕೂಡಲೇ ತಲೆ ಇನ್ನಷ್ಟು ಬಗ್ಗಿತು. ಶೇವಂತಿ ಅವಳ ಎದುರಿಗೇ ನೆಲದ ಮೇಲೆ ಕುಳಿತಳು.

“ಯವ್ವಾ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಸೀಟ ತೊಳದವ್ರು ಯಾರು?”

ಮುದುಕಿ ಜೋಳದಿಂದ ಒಂದು ಹರಳು ಆರಿಸಿ ಬದಿಗೆ ಹಾಕಿದಳು. “ನಾನ. ಮೂರ ಸಲ ಸಾಬಾಣ ಹಾಕಿ ತೊಳದೆ.”

“ಹಂಗಾರ ಅದು ಅವತ್ತ ಹೋಗೇತಿ. ಈಗ ಬರೂ ವಾಸ್ನಿ ಯಾವ್ದು ಅಂತ ನಾ ಹುಡುಕಾಕ ಬಂದೇನಿ. ಸಿಗೂತನಕ ಈ ಮನಿ ಬಿಟ್ಟು ಹೋಗೂದಿಲ್ಲ.”

ಕಾರನ್ನು ನೆರಳಿನಿಂದ ಬಿಸಿಲಿಗೆ ತರಿಸಿ, ಗಾಜು ಬಾಗಿಲು ಎಲ್ಲ ಮುಚ್ಚಿಸಿ, ಒಂದು ತಾಸು ಯಾರೂ ಮುಟ್ಟಕೂಡದು ಎಂದಳು. ಆ ಒಂದು ತಾಸು ಗೋಡೆಯ ನೆರಳಲ್ಲಿ ಲಡಿ ಹಿಡಿದು ಕುಳಿತಳು. ನೆರೆಮನೆಯವರು ಇಬ್ಬರು ಮೂವರು ಬಂದು ನಿಂತರು. ಇಲ್ಲಿಯೂ ನಗುವವರಿಗೆ ಬರವಿರಲಿಲ್ಲ.

ಹೊತ್ತಾದ ಮೇಲೆ ಡ್ರೈವರ್ ಕಡೆಯ ಬಾಗಿಲನ್ನು ಅಂಗೈಯಗಲ ತೆರೆದು ಮೂಗಿಟ್ಟಳು. ತಲೆಗೆ ಹಚ್ಚುವ ಎಣ್ಣೆ, ಧೂಳು. ಬಾಗಿಲು ಮುಚ್ಚಿ ಲಡಿ ಮೂಸಿದಳು. ಮುಂದಿನ ಎಡಬಾಗಿಲಲ್ಲಿ ಏನೂ ಇಲ್ಲ. ಮತ್ತೆ ಲಡಿ. ಹಿಂದಿನ ಎಡಬಾಗಿಲು ಕಸ್ತೂರೆವ್ವ ಕೂರುವ ಕಡೆಯದು. ಪ್ಲಾಸ್ಟಿಕ್ ಹಾಳೆ ಸರಿಸಿ ಸೀಟಿಗೆ ಮೂಗು ಒತ್ತಿದಳು. ಬಿಸಿಯಾದ ಬಟ್ಟೆ, ತಾನೇ ಹಾಕಿದ ಸಾಬೂನು, ಅಷ್ಟೇ. ಆದರೆ ತಲೆ ಎತ್ತುವಾಗ ಸೀಟಿನ ಬೆನ್ನ ಹಿಂದಿನಿಂದ ಬೇರೆ ವಾಸನೆಯ ಒಂದು ಎಳೆ ಬಂತು. ಲಡಿ ಮೂಸಿ, ಹಿಂದಕ್ಕೆ ಹೋಗಿ, ಡಿಕ್ಕಿಯ ಬಾಗಿಲು ಎತ್ತಿದಳು.

ಹುಳಿತ ಗಂಜಿ.

ಶೇವಂತಿಗೆ ತನ್ನ ಮೇಲೇ ಕೋಪ ಉಕ್ಕಿತು. ಇಪ್ಪತ್ತೆರಡು ವರ್ಷ ಯಾವ ವಾಸನೆಯನ್ನು ಹಿಡಿದು ಹೆಸರು ಮಾಡಿದ್ದಳೋ ಅದೇ ವಾಸನೆ. ಬನಹಟ್ಟಿಯಲ್ಲಿ ಅವಳ ಶೆಡ್ಡಿನ ಎಡಕ್ಕೂ ಬಲಕ್ಕೂ ಇಂದಿಗೂ ನೂಲಿಗೆ ಗಂಜಿ ಹಾಕುತ್ತಾರೆ. ಓಣಿಯ ಗೋಡೆಗಳೇ ಅದನ್ನು ಕುಡಿದು ಕೂತಿವೆ. ಅಂದು ಡಿಕ್ಕಿ ತೆರೆದಾಗ ಇದೇ ವಾಸನೆ ಬಂದಿತ್ತು, ಇದು ನಮ್ಮ ಓಣಿಯದು ಎಂದುಕೊಂಡು ಮುಚ್ಚಿದ್ದಳು. ನೇಕಾರರ ಓಣಿಯವಳಲ್ಲದೆ ಬೇರೆ ಯಾರೇ ಆಗಿದ್ದರೂ ಮೂಗು ಮುಚ್ಚಿಕೊಂಡು ಅಲ್ಲೇ ಹುಡುಕುತ್ತಿದ್ದರು.

ಚಾಪೆ ಎತ್ತಿ, ಸ್ಟೆಪ್ನಿಯನ್ನು ಹಿಡಿದಿಟ್ಟ ಬೋಲ್ಟು ತಿರುಗಿಸಿದಳು. ಅದು ಜಂಗು ಹಿಡಿದಿತ್ತು. ಸಿದ್ದಾರೂಢ ಪಾನಾ ತಂದು ಕೈಹಾಕಿದ. ಗಾಲಿ ಎತ್ತಿದಾಗ ಕೆಳಗಿನ ತಗ್ಗಿನಲ್ಲಿ ಬೊಗಸೆ ತುಂಬುವಷ್ಟು ಮಳೆನೀರು, ಆ ನೀರಿನಲ್ಲಿ ನೆನೆದು ಕೂತ ಒಂದು ಗಂಟು. ಕುಪ್ಪಸ ಹೊಲಿಸುವ ಗುಳೇದಗುಡ್ಡದ ಖಣದ ಬಟ್ಟೆ. ಗಂಟು ಬಿಚ್ಚಿದರೆ ಅಕ್ಕಿ ಕೊಳೆತು ಗಂಜಿಯಾಗಿತ್ತು. ಬೆಲ್ಲ ಕರಗಿ ಹುಳಿತಿತ್ತು. ಒಣಕೊಬ್ಬರಿಯ ಬಟ್ಟಲಿಗೆ ಬೂಷ್ಟು ಬೆಳೆದಿತ್ತು. ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ. ಯಾರೋ ಉಡಿ ತುಂಬಿದ್ದರು. ನೋಡುತ್ತಿದ್ದ ನೆರೆಯವರು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು.

ಬಾಗಿಲಲ್ಲಿ ನಿಂತಿದ್ದ ನೇತ್ರಾಳ ಮುಖ ಬಿಳಿಚಿತು. ಎರಡು ವರ್ಷದ ಹಿಂದೆ ಕಾರು ಮನೆಗೆ ಬಂದ ದಿನ ಈ ಉಡಿ ಕಟ್ಟಿದವಳು ಕಸ್ತೂರೆವ್ವ. ಮನೆಗೆ ಬಂದವಳು ಬರಿಯ ಉಡಿಯಲ್ಲಿರಬಾರದು, ಕಾರಾದರೇನು, ಅದೂ ಮನೆಯ ಹೆಣ್ಣುಮಗಳೇ ಎಂದು ಹೇಳಿ, ಐದು ದಿನ ಮುಂದಿನ ಸೀಟಿನಲ್ಲಿಟ್ಟು ಆಮೇಲೆ ಹೊಳೆಗೆ ಬಿಡು ಎಂದು ಸೊಸೆಯ ಕೈಗೆ ಕೊಟ್ಟಿದ್ದಳು. ಗಂಡನ ಬ್ಯಾಂಕಿನವರು ಕಂಡರೆ ನಗುತ್ತಾರೆಂದು ನಾಚಿದ ನೇತ್ರಾ ಅದನ್ನು ಸ್ಟೆಪ್ನಿಯ ಕೆಳಗೆ ತುರುಕಿದ್ದಳು, ತುರುಕಿದವಳು ಮರೆತಿದ್ದಳು. ಒಣಗಿದ್ದ ತನಕ ಅದರ ಪಾಡಿಗೆ ಅದಿತ್ತು. ಈ ಮಳೆಗಾಲದಲ್ಲಿ ಡಿಕ್ಕಿಯ ರಬ್ಬರು ಸಡಿಲಾಗಿ ನೀರು ಇಳಿದಿತ್ತು.

ಶೇವಂತಿ ಒಳಗೆ ಹೋಗಿ ಕಸ್ತೂರೆವ್ವನ ಕೈ ಹಿಡಿದಳು. ಮುದುಕಿ ಒಲ್ಲೆ ಎಂದಳು. ಶೇವಂತಿ ಕೈ ಬಿಡಲಿಲ್ಲ. ಹೆಜ್ಜೆಯ ಮೇಲೆ ಹೆಜ್ಜೆ ಇಡಿಸಿಕೊಂಡು ಕಾರಿನ ತನಕ ಕರೆತಂದು, ಗಂಟನ್ನು ತೋರಿಸಿ, ಮೂಸಿ ನೋಡಿ ಎಂದಳು. ಕಸ್ತೂರೆವ್ವ ಬಗ್ಗಿದಳು. ಬೇರೆಯವರು ಒಂದು ಕ್ಷಣ ತಾಳದ ವಾಸನೆಯನ್ನು ಅವಳು ನಿಧಾನವಾಗಿ, ಮತ್ತೆ ಮತ್ತೆ ಮೂಸಿದಳು.

“ಇದ ಏನು?” ಎಂದಳು. “ಗಾಡ್ಯಾಗಿನ ವಾಸ್ನಿ ಇದ ಏನು?”

“ಇದರೀ ಯವ್ವಾ.”

“ನಂದಲ್ಲ?”

“ನಿಮ್ದಲ್ರಿ. ಮೊದಲ ಸಲ ನಾ ಮೂಸಿ ನೋಡಲಾರದ ಕೆಲಸಾ ಹಿಡದೆ. ತಪ್ಪು ನಂದು.”

“ನಂದೂ ಐತ್ರಿ ಅತ್ತಿ,” ಎಂದಳು ನೇತ್ರಾ ಹಿಂದಿನಿಂದ. ಉಡಿಯನ್ನು ಅಲ್ಲಿಟ್ಟವಳು ತಾನೇ ಎಂದು ನೆರೆಯವರೆಲ್ಲ ಕೇಳುವಂತೆ ಹೇಳಿದಳು. ಮೂರು ತಿಂಗಳಿಂದ ಅವಳು ಅತ್ತೆಯ ಮುಖ ನೋಡಿ ಆಡಿದ ಮೊದಲ ಮಾತು ಅದು.

ಕಸ್ತೂರೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದು ದುಃಖವಲ್ಲ; ಮೂರು ತಿಂಗಳು ತನ್ನ ಮೈಯನ್ನೇ ಅಸಹ್ಯಪಟ್ಟುಕೊಂಡು, ದಿನಕ್ಕೆರಡು ಸಲ ಸ್ನಾನ ಮಾಡಿ, ಮೊಮ್ಮಕ್ಕಳನ್ನೂ ಹತ್ತಿರ ಕರೆಯದೆ ಬದುಕಿದ ಹೆಂಗಸಿನ ಎದೆಯ ಭಾರ ಇಳಿದ ಅಳು. ಶೇವಂತಿಗೂ ಕಣ್ಣು ತುಂಬಿದವು. ಒರೆಸಿಕೊಂಡು ಬಕೆಟ್ಟು ಕೇಳಿದಳು, ಏಕೆಂದರೆ ಕೆಲಸ ಇನ್ನೂ ಬಾಕಿ ಇತ್ತು.

ತಗ್ಗಿನ ನೀರು ಬಳಿದು, ಸಾಬೂನು ಹಾಕಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಬಿಟ್ಟಳು. ಡಿಕ್ಕಿಯ ರಬ್ಬರು ಸಡಿಲಾದಲ್ಲಿ ಬೆರಳಿಟ್ಟು, ಇದನ್ನು ಬದಲಿಸದಿದ್ದರೆ ಬರುವ ಮಳೆಗೆ ಮತ್ತೆ ನನ್ನನ್ನು ಕರೆಯಬೇಡಿ ಎಂದು ಸಿದ್ದಾರೂಢನಿಗೆ ಗದರಿದಳು. ಉಡಿಯ ವಿಷಯದಲ್ಲಿ ಸಣ್ಣದೊಂದು ಜಟಾಪಟಿಯೇ ಆಯಿತು. ಹೊಳೆಗೆ ಬಿಡಬೇಕಾದದ್ದು, ಅನಗವಾಡಿಯ ಹೊಳೆಗೆ ಒಯ್ಯುತ್ತೇನೆ ಎಂದಳು ಕಸ್ತೂರೆವ್ವ. ಈ ಗಾಡಿಯಲ್ಲಿ ಅದು ಇನ್ನೊಂದು ಗೇಣೂ ಸಾಗಕೂಡದು ಎಂದಳು ಶೇವಂತಿ. ಕೊನೆಗೆ ಅಕ್ಕಿ ಬೆಲ್ಲವೆಲ್ಲ ಹಿತ್ತಲಿನ ಬಾಳೆಯ ಬುಡ ಸೇರಿತು. ಖಣವನ್ನು ಮಾತ್ರ ನೇತ್ರಾ ಒಗೆದು ಹಗ್ಗಕ್ಕೆ ಹಾಕಿದಳು, ಅದು ಹೊಳೆಗೆ.

ಆಮೇಲೆ ಯಂತ್ರದ ಸರದಿ. ಅದನ್ನು ಮುಂದಿನ ಸೀಟಿನ ಮೇಲಿಟ್ಟು, ಎಂಜಿನ್ ಚಾಲೂ ಮಾಡಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಎಸಿ ಹಚ್ಚಿ, ವೈರು ಬಂದ ಸಂದಿಗೆ ಟೇಪು ಸುತ್ತಿ ಬಾಗಿಲು ಮುಚ್ಚಿದಳು. ನೆರೆಯವರನ್ನೆಲ್ಲ ದೂರ ಕಳಿಸಿದಳು. ನಲವತ್ತು ನಿಮಿಷ ಕಳೆದ ಮೇಲೆ ಉಸಿರು ಹಿಡಿದು ಬಾಗಿಲುಗಳನ್ನು ಒಂದೊಂದಾಗಿ ತೆರೆದು ತಾನೂ ದೂರ ನಿಂತಳು. ಹೊರಗೆ ಬಂದ ಚುರುಕು ವಾಸನೆ ಗಾಳಿಯಲ್ಲಿ ಕರಗಲು ಒಂದೂವರೆ ತಾಸು ಬೇಕಾಯಿತು. ಅಷ್ಟಕ್ಕೂ ಅವಳು ಒಪ್ಪಲಿಲ್ಲ. ಮತ್ತೆ ಅರ್ಧ ತಾಸು ಗಾಡಿಯನ್ನು ಬಿಸಿಲಲ್ಲಿ ಮುಚ್ಚಿಡಿಸಿ, ಈ ಸಲ ಬಾಗಿಲು ತೆರೆಯುವುದು ನಾನಲ್ಲ, ಈ ಅಮ್ಮ ಎಂದಳು. ಹಸಿ ನೂಲಿನ ಲಡಿಯನ್ನು ಕಸ್ತೂರೆವ್ವನ ಕೈಗೆ ಕೊಟ್ಟು ಎರಡು ಸಲ ಉಸಿರೆಳೆಯಲು ಹೇಳಿದಳು. ಮುದುಕಿ ಹೇಳಿದಂತೆ ಮಾಡಿ, ತನ್ನ ಕಡೆಯ ಬಾಗಿಲು ತೆರೆದು ಒಳಗೆ ತಲೆ ಹಾಕಿದಳು. ಬಹಳ ಹೊತ್ತು ತೆಗೆಯಲಿಲ್ಲ.

“ಏನೂ ಇಲ್ಲ,” ಎಂದಳು ಕೊನೆಗೆ. ತಿರುಗಿ ಮಗನಿಗೆ, “ಮರೆವ್ವಗ ಫೋನ್ ಹಚ್ಚು. ಹೊತ್ತ ಮುಳುಗೂದ್ರಾಗ ಬರ್ತೇನಿ ಅನ್ನು,” ಎಂದಳು.

ಹೊರಡುವ ಗಡಿಬಿಡಿಯಲ್ಲಿ ನೇತ್ರಾ ಹಿಂದಿನ ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಎಳೆದು, ಮುದುಡಿ, ಬಚ್ಚಲ ಒಲೆಯ ಪಕ್ಕದ ಕಸಕ್ಕೆ ಹಾಕಿ ಬಂದಳು. ಅತ್ತೆಯ ಪಕ್ಕದಲ್ಲಿ ತಾನೂ ಹತ್ತಿದಳು. ಒಣಗಿದ ಖಣ ಕಸ್ತೂರೆವ್ವನ ಮಡಿಲಲ್ಲಿತ್ತು. ಶೇವಂತಿಯನ್ನು ಬಸ್ ಸ್ಟ್ಯಾಂಡಿನ ತನಕ ಬಿಡುತ್ತೇವೆ ಎಂದರು. ಅವಳು ಬೇಡವೆಂದಳು. ಇನ್ನೂ ಒಂದನ್ನು ನೋಡಬೇಕಿತ್ತು, ಅದನ್ನು ಹೊರಗೆ ನಿಂತೇ ನೋಡಬೇಕಿತ್ತು. ಚೀಲ ಕಾಲ ಬಳಿ ಇಟ್ಟುಕೊಂಡು ರಸ್ತೆಯ ಬದಿಗೆ ನಿಂತಳು.

ಕಾರು ಓಣಿಯ ತಿರುವಿನ ತನಕ ಹೋಗಿ, ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ನಿಂತಿತು. ಹೊರಡುವಾಗಲೇ ಗಾಜುಗಳನ್ನೆಲ್ಲ ಇಳಿಸಿದ್ದರು. ಕಸ್ತೂರೆವ್ವ ಅಭ್ಯಾಸದಂತೆ ಕಿಟಕಿಗೆ ಮುಖ ಒಡ್ಡಿದ್ದವಳು, ಒಳಗೆ ತಿರುಗಿ ಮಗನಿಗೆ ಹೇಳಿದ್ದು ಶೇವಂತಿಗೆ ಅಲ್ಲಿಂದಲೇ ಕೇಳಿಸಿತು.

“ಗಾಜ ಏರ್ಸೋ ಸಿದ್ದೂ. ಹೊರಗಿನ ಧೂಳ ಬರಾಕತ್ತೇತಿ.”

ನಾಲ್ಕೂ ಗಾಜು ಏರಿದವು.